1960: ಅಲಬಾಮಾದಲ್ಲಿ ಕೆನಡಿಗೆ ಬಿದ್ದ ಮತ ಎಷ್ಟು?

ಕೋಷ್ಟಕಪ್ರಿಯ

1960ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ರಾಜ್ಯವಾರು ಪಟ್ಟಿಯನ್ನು ಕನ್ನಡದಲ್ಲಿ ಮಾಡುತ್ತಿದ್ದೇನೆ. ಅಲಬಾಮಾಕ್ಕೆ ಬಂದು ಸಿಕ್ಕಿಕೊಂಡಿದೆ. ಒಂದು ಕಡೆ ಕೆನಡಿಗೆ 3,18,303 ಮತ ಅಂತಿದೆ, ಇನ್ನೊಂದು ಕಡೆ 1,47,295. ಅರ್ಧಕ್ಕಿಂತ ಕಡಿಮೆ! ಇದರಿಂದ ದೇಶದ ಮೊತ್ತವೂ ಎರಡಾಗುತ್ತದೆ: ಮೊದಲಿನ ಲೆಕ್ಕದಲ್ಲಿ ಕೆನಡಿಗೆ 3,42,20,984, ಎರಡನೆಯದರಲ್ಲಿ 3,40,49,976. ನಿಕ್ಸನ್ ಮಾತ್ರ ಎರಡರಲ್ಲೂ 3,41,08,157ಕ್ಕೇ ನಿಂತಿದ್ದಾರೆ. ಅಂದರೆ ಒಂದರಲ್ಲಿ ಕೆನಡಿ 1,12,827 ಮತ ಮುಂದೆ, ಇನ್ನೊಂದರಲ್ಲಿ ನಿಕ್ಸನ್ 58,181 ಮತ ಮುಂದೆ. ಯಾವುದನ್ನು ಹಾಕಲಿ?

ಹಳೇಗೆಜೆಟ್

ಎರಡರಲ್ಲಿ ಯಾವುದೂ ಕೆನಡಿಗೆ ಅಂತ ಎಣಿಸಿ ಸಿಕ್ಕ ಸಂಖ್ಯೆ ಅಲ್ಲ. ಅಲಬಾಮಾದ ಆ ವರ್ಷದ ಮತಪತ್ರದಲ್ಲಿ ಕೆನಡಿ ಹೆಸರೂ ಇರಲಿಲ್ಲ, ನಿಕ್ಸನ್ ಹೆಸರೂ ಇರಲಿಲ್ಲ. ಇದ್ದದ್ದು ಎಲೆಕ್ಟರುಗಳ ಹೆಸರು, ಅಂದರೆ ಜನರ ಪರವಾಗಿ ಡಿಸೆಂಬರಿನಲ್ಲಿ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳದು. ರಾಜ್ಯಕ್ಕೆ 11 ಎಲೆಕ್ಟರುಗಳು, ಹಾಗಾಗಿ ಒಬ್ಬ ಮತದಾರನಿಗೆ 11 ಮತ. ಒಬ್ಬೊಬ್ಬ ಎಲೆಕ್ಟರನ ಮತವನ್ನೂ ಬೇರೆ ಬೇರೆಯಾಗಿ ಎಣಿಸಿದರು.

ಬೇರೆ ರಾಜ್ಯದಲ್ಲಾಗಿದ್ದರೆ ಇದರಿಂದ ತೊಂದರೆ ಇರುತ್ತಿರಲಿಲ್ಲ. ಒಂದು ಪಕ್ಷದ ಎಲ್ಲ ಎಲೆಕ್ಟರುಗಳೂ ಒಬ್ಬನೇ ಅಭ್ಯರ್ಥಿಯ ಕಡೆಯವರಾಗಿರುತ್ತಾರೆ. ಹೆಚ್ಚು ಮತ ಪಡೆದ ಎಲೆಕ್ಟರನ ಸಂಖ್ಯೆಯನ್ನೇ ಅಭ್ಯರ್ಥಿಯ ಸಂಖ್ಯೆ ಎಂದು ಹಿಡಿದರೆ ಆಯಿತು. ಅಲಬಾಮಾದಲ್ಲಿ ಕೆನಡಿಯ ಪಕ್ಷವಾದ ಡೆಮಾಕ್ರಟಿಕ್ ಪಟ್ಟಿಯೊಳಗೇ ಎರಡು ಬಣ ಸೇರಿಕೊಂಡಿದ್ದವು. ಮೇ ತಿಂಗಳ ಪ್ರೈಮರಿಯಲ್ಲಿ (ಪಕ್ಷದ ಹುರಿಯಾಳುಗಳನ್ನು ಆರಿಸುವ ಒಳಚುನಾವಣೆ) ಎಲೆಕ್ಟರ್ ಸ್ಥಾನಕ್ಕೂ ಒಳಪೈಪೋಟಿ ನಡೆದು, ಗೆದ್ದ 11 ಜನರಲ್ಲಿ 5 ಮಂದಿ ಪಕ್ಷದ ರಾಷ್ಟ್ರೀಯ ಅಭ್ಯರ್ಥಿಗೆ ಮತ ಹಾಕುವವರು, 6 ಮಂದಿ ಯಾರಿಗೂ ಮಾತು ಕೊಡದವರು. ಮೊದಲಿನವರನ್ನು ನಿಷ್ಠರು, ಎರಡನೆಯವರನ್ನು ಮುಕ್ತರು ಅನ್ನೋಣ. ನವೆಂಬರ್ 8ರಂದು ಈ ಹನ್ನೊಂದೂ ಜನ ಒಂದೇ ಚಿಹ್ನೆಯ ಕೆಳಗೆ ನಿಂತರು, ಹನ್ನೊಂದೂ ಜನ ಗೆದ್ದರು.

ನಿಮ್ಮ ಪಟ್ಟಿಗೆ ಬೇಕಾದ ಮೂಲ ಅಂಕಿಗಳು ಇಷ್ಟೇ:

ಮುಕ್ತರಲ್ಲಿ ಅತಿ ಹೆಚ್ಚು: ಫ್ರ್ಯಾಂಕ್ ಎಂ. ಡಿಕ್ಸನ್, 3,24,050
ನಿಷ್ಠರಲ್ಲಿ ಅತಿ ಹೆಚ್ಚು: ಸಿ. ಜಿ. ಅಲೆನ್, 3,18,303
ರಿಪಬ್ಲಿಕನ್ನರಲ್ಲಿ (ನಿಕ್ಸನ್ ಪಕ್ಷ) ಅತಿ ಹೆಚ್ಚು: ಪೆರಿ ಹೂಪರ್, 2,37,981

ಡಿಕ್ಸನ್ ಸಾಮಾನ್ಯ ವ್ಯಕ್ತಿಯಲ್ಲ. 1939ರಿಂದ 43ರವರೆಗೆ ಆ ರಾಜ್ಯದ ಗವರ್ನರ್. 1948ರಲ್ಲಿ ಟ್ರೂಮನ್ ವಿರುದ್ಧ ಬಂಡೆದ್ದ ದಕ್ಷಿಣದ ಡೆಮಾಕ್ರಾಟರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸೇರಿದಾಗ ಅಲ್ಲಿ ಮುಖ್ಯ ಭಾಷಣ ಮಾಡಿದವರು ಇವರೇ.

ಈಗ ನಿಮ್ಮ ಎರಡು ಸಂಖ್ಯೆಗಳ ಮೂಲ. 3,18,303 ಅಂದರೆ ಅಲೆನ್ ಪಡೆದ ಮತ. ಅದನ್ನು ಹಾಗೇ ಕೆನಡಿಯ ಖಾತೆಗೆ ಬರೆದಿದ್ದಾರೆ. 1,47,295 ಅಂದರೆ ಡಿಕ್ಸನ್ ಪಡೆದ 3,24,050ರಲ್ಲಿ ಹನ್ನೊಂದನೇ ಐದು ಪಾಲು. ಉಳಿದ ಆರು ಪಾಲು, ಅಂದರೆ 1,76,755, ಮುಕ್ತರಿಗೆ. ಈ ಎರಡನೆಯ ದಾರಿ ಹಿಡಿದದ್ದು ಅಮೆರಿಕದ ಸಂಸತ್ತಿನ ಸುದ್ದಿ ಪ್ರಕಟಿಸುವ ಕಾಂಗ್ರೆಷನಲ್ ಕ್ವಾರ್ಟರ್ಲಿ.

ಧಾರವಾಡದ ಮಾಸ್ತರ

ಅಲ್ರೀ, ಭಾಗಾಕಾರ ಯಾಕ ಬೇಕು? ಅಲೆನ್‌ಗೆ 3,18,303 ಮಂದಿ ಮತ ಹಾಕ್ಯಾರ. ಅಲೆನ್ ಪಕ್ಷದ ಅಭ್ಯರ್ಥಿ ಕಡೆಯವ ಅಂತ ಪ್ರೈಮರಿಯೊಳಗ ಎಲ್ಲಾರಿಗೂ ಗೊತ್ತಿತ್ತು. ಅಂದಮ್ಯಾಲೆ ಅಷ್ಟೂ ಮಂದಿ ಕೆನಡಿ ಮತದಾರರು. ಒಬ್ಬ ಮನುಷ್ಯಾನ್ನ ಕೊಯ್ದು ಹನ್ನೊಂದು ತುಂಡು ಮಾಡೂದು ಎಲ್ಲಿಯ ಲೆಕ್ಕ?

ಹಳೇಗೆಜೆಟ್

ಅದೇ ತರ್ಕವನ್ನು ಡಿಕ್ಸನ್‌ಗೂ ಹಚ್ಚಿ ನೋಡಿ ಮಾಸ್ತರೇ. ಡಿಕ್ಸನ್ ಕೆನಡಿಗೆ ಮತ ಹಾಕುವುದಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತಿತ್ತು. ಹಾಗಾದರೆ 3,24,050 ಮಂದಿ ಕೆನಡಿ ವಿರೋಧಿಗಳು. ಎರಡನ್ನೂ ಕೂಡಿಸಿದರೆ 6,42,353 ಡೆಮಾಕ್ರಟಿಕ್ ಮತದಾರರು. ಅಷ್ಟು ಜನ ಆ ದಿನ ಮತಗಟ್ಟೆಗೇ ಬಂದಿಲ್ಲ. ಹೆಚ್ಚಿನವರು ಪಕ್ಷದ ಇಡೀ ಪಟ್ಟಿಗೆ ಗುರುತು ಹಾಕಿ ಹೋದವರು, ಅಂದರೆ ಅಲೆನ್‌ಗೂ ಹಾಕಿದರು, ಡಿಕ್ಸನ್‌ಗೂ ಹಾಕಿದರು. ಇಬ್ಬರ ನಡುವಿನ ಅಂತರ 5,747 ಮಾತ್ರ ಇರುವುದು ಅದಕ್ಕೇ.

ನಕ್ಷೆಗಾರ್ತಿ

ಕೋಷ್ಟಕದಲ್ಲಿ ಜನ ಎಡವುವುದು ಇಲ್ಲೇ. ಮೂರು ತಪ್ಪುಗಳನ್ನು ಪದೇ ಪದೇ ನೋಡುತ್ತೇವೆ.

ಮೊದಲನೆಯದು, ಕೆನಡಿಗೆ 3,18,303, ಮುಕ್ತರಿಗೆ 3,24,050, ನಿಕ್ಸನ್‌ಗೆ 2,37,981 ಅಂತ ಮೂರು ಸಾಲು ಹಾಕಿ ಕೆಳಗೆ ಮೊತ್ತದ ಸೂತ್ರ ಬರೆದುಬಿಡುವುದು. ಚಿಕ್ಕಪುಟ್ಟ ಪಕ್ಷಗಳ 8,194 ಸೇರಿಸಿದರೆ 8,88,528 ಬರುತ್ತದೆ. ಸಾಮಾನ್ಯವಾಗಿ ಅಚ್ಚಾಗುವ ರಾಜ್ಯದ ಮೊತ್ತ 5,70,225. ಮೂರು ಲಕ್ಷಕ್ಕೂ ಹೆಚ್ಚು ಮತ ಗಾಳಿಯಿಂದ ಬಂದವು. ಶೇಕಡಾವಾರು ಕಾಲಂ ಆಮೇಲೆ ಪೂರ್ತಿ ಕೆಟ್ಟಂತೆಯೇ. ನಿಕ್ಸನ್‌ರ ಶೇ 41.73 ಹೋಗಿ ಶೇ 27ಕ್ಕೆ ಇಳಿಯುತ್ತದೆ.

ಎರಡನೆಯದು ಇನ್ನೂ ಕಿರಿಕಿರಿ. ಪಾಲು ಹಾಕುವ ದಾರಿ ಹಿಡಿದರೆ ಅಲಬಾಮಾದಲ್ಲಿ ನಿಕ್ಸನ್ ಶೇ 41.73, ಮುಕ್ತರು ಶೇ 31.00, ಕೆನಡಿ ಶೇ 25.83. "ಸಾಲಿನಲ್ಲಿ ದೊಡ್ಡ ಸಂಖ್ಯೆ ಯಾರದೋ ಅವರೇ ವಿಜೇತ" ಅನ್ನುವ ಸೂತ್ರ ಇದ್ದರೆ ಹಾಳೆ ತಾನೇ ಅಲಬಾಮಾವನ್ನು ನಿಕ್ಸನ್ ಬಣ್ಣಕ್ಕೆ ತಿರುಗಿಸುತ್ತದೆ. ನಿಕ್ಸನ್‌ಗೆ ಅಲ್ಲಿ ಸಿಕ್ಕ ಎಲೆಕ್ಟರುಗಳು ಸೊನ್ನೆ! ವಿಜೇತರ ಕಾಲಂ ಅನ್ನು ಕೈಯಿಂದಲೇ ತುಂಬಬೇಕು, ಸೂತ್ರಕ್ಕೆ ಬಿಡಬಾರದು.

ಮೂರನೆಯದು, ಮುಕ್ತರ ಸಾಲಿಗೆ "ಹ್ಯಾರಿ ಬರ್ಡ್" ಅಂತ ಹೆಸರು ಬರೆಯುವುದು. ಮುಕ್ತ ಎಲೆಕ್ಟರುಗಳು ಕೊನೆಗೆ ಮತ ಹಾಕಿದ್ದು ವರ್ಜೀನಿಯಾದ ಸೆನೆಟರ್ ಬರ್ಡ್‌ಗೆ, ನಿಜ; ಆದರೆ ಬರ್ಡ್ ಅಭ್ಯರ್ಥಿಯೇ ಆಗಿರಲಿಲ್ಲ. ನವೆಂಬರಿನಲ್ಲಿ ಮುಕ್ತರಿಗೆ ಮತ ಹಾಕಿದವರಿಗೆ ಅವರು ಡಿಸೆಂಬರಿನಲ್ಲಿ ಯಾರ ಹೆಸರು ಬರೆಯುತ್ತಾರೆ ಅಂತ ಗೊತ್ತಿರಲು ಸಾಧ್ಯವೇ ಇಲ್ಲ. ಜನಮತದ ಕಾಲಂನಲ್ಲಿ "ಮುಕ್ತ ಎಲೆಕ್ಟರುಗಳು", ಎಲೆಕ್ಟೋರಲ್ ಕಾಲಂನಲ್ಲಿ ಮಾತ್ರ "ಬರ್ಡ್".

ಸಹ್ಯಾದ್ರಿ

5,70,225ನ್ನೂ ಅಷ್ಟು ಗಟ್ಟಿ ಅಂದುಕೊಳ್ಳಬೇಡಿ. ಅದನ್ನು ಬಿಡಿಸಿ ನೋಡಿದರೆ: ಡಿಕ್ಸನ್ 3,24,050 + ಹೂಪರ್ 2,37,981 + ನ್ಯಾಷನಲ್ ಸ್ಟೇಟ್ಸ್ ರೈಟ್ಸ್ ಪಕ್ಷ 4,367 + ಪಾನನಿಷೇಧ ಪಕ್ಷ 2,106 + ಕ್ಲೆನನ್ ಕಿಂಗ್ 1,485 + ಕೈಬರಹದ ಮತ 236. ಪ್ರತಿ ಪಕ್ಷದಿಂದ ಅತಿ ಹೆಚ್ಚು ಮತ ಪಡೆದ ಎಲೆಕ್ಟರನನ್ನು ಹೆಕ್ಕಿ ಕೂಡಿಸಿದ ಮೊತ್ತ ಇದು. ಮತಪೆಟ್ಟಿಗೆಯಿಂದ ಹೊರಬಂದ ಚೀಟಿಗಳ ಎಣಿಕೆ ಅಲ್ಲ. ಅಲೆನ್‌ಗೆ ಹಾಕಿ ಡಿಕ್ಸನ್‌ಗೆ ಹಾಕದ ಮತದಾರ ಇದರೊಳಗೆ ಲೆಕ್ಕಕ್ಕೇ ಸಿಗುವುದಿಲ್ಲ. ಅಂಥವರು ಎಷ್ಟಿದ್ದರು ಅನ್ನುವುದು ಮೊತ್ತದ ಅಂಕಿಗಳಿಂದ ತಿಳಿಯದು. ತಿಳಿಯುವುದು ಒಂದು ಕಡೆಯದು ಮಾತ್ರ: ಡಿಕ್ಸನ್‌ಗೆ ಹಾಕಿ ಅಲೆನ್‌ಗೆ ಹಾಕದವರು ಕನಿಷ್ಠ 5,747. ಹಾಗಾಗಿ "ಕೆನಡಿಗೆ 3,18,303, ಮುಕ್ತರಿಗೆ 5,747" ಅಂತ ಹಾಕುವ ಮೂರನೇ ದಾರಿಯೂ ಉಂಟು. ಮೊತ್ತ ಸರಿಹೊಂದುತ್ತದೆ. ಆದರೆ 11ರಲ್ಲಿ 6 ಎಲೆಕ್ಟರುಗಳನ್ನು ಗೆದ್ದ ಬಣಕ್ಕೆ ರಾಜ್ಯದಲ್ಲಿ ಶೇ 1 ಮತ ಅಂತ ತೋರಿಸಿದಂತಾಗುತ್ತದೆ. ಓದಿದವರು ನಗುತ್ತಾರೆ.

ಕೋಷ್ಟಕಪ್ರಿಯ

ಪಕ್ಕದ ಮಿಸಿಸಿಪಿಯಲ್ಲೂ ಮುಕ್ತರಿದ್ದರಲ್ಲ, ಅಲ್ಲಿ ಯಾಕೆ ಈ ಗೊಂದಲ ಇಲ್ಲ?

ಹಳೇಗೆಜೆಟ್

ಅಲ್ಲಿ ಪಟ್ಟಿಗಳೇ ಬೇರೆ ಬೇರೆ. ಮುಕ್ತರ 8 ಜನರ ಒಂದು ಪಟ್ಟಿ, ಕೆನಡಿಯ 8 ಜನರ ಇನ್ನೊಂದು, ನಿಕ್ಸನ್‌ರದು ಮಗದೊಂದು. ಮುಕ್ತರು 1,16,248 (ಶೇ 38.99), ಕೆನಡಿ 1,08,362 (ಶೇ 36.34), ನಿಕ್ಸನ್ 73,561 (ಶೇ 24.67). ಎಂಟೂ ಸ್ಥಾನ ಮುಕ್ತರಿಗೆ. ಲೂಯಿಸಿಯಾನಾದಲ್ಲೂ ಹಾಗೇ: ಅಲ್ಲಿನ ಮುಕ್ತರ "ರಾಜ್ಯಹಕ್ಕುಗಳ" ಪಟ್ಟಿ ಬೇರೆಯಾಗಿ ನಿಂತು 1,69,572 ಮತ ಪಡೆದು ಸೋತಿತು, ಕೆನಡಿ 4,07,339ರಿಂದ ಗೆದ್ದರು. ಕೋಷ್ಟಕಕ್ಕೆ ಎರಡೂ ಸಲೀಸು.

ಅಲಬಾಮಾದಲ್ಲಿ ಬೇರೆ ಪಟ್ಟಿ ಯಾಕೆ ಮಾಡಲಿಲ್ಲ ಅಂದರೆ, ಅಲ್ಲಿ ಡೆಮಾಕ್ರಟಿಕ್ ಚಿಹ್ನೆಯಾದ ಹುಂಜದ ಬೆಲೆ ಅಷ್ಟಿತ್ತು. ಹುಂಜದ ಕೆಳಗೆ ನಿಂತವನು ಗೆಲ್ಲುತ್ತಾನೆ, ಹೊರಗೆ ನಿಂತವನು ಸೋಲುತ್ತಾನೆ. ಆದ್ದರಿಂದ ಎರಡೂ ಬಣಗಳ ಜಗಳ ಹುಂಜ ಯಾರಿಗೆ ಅನ್ನುವುದರ ಮೇಲೇ. ಆ ಹುಂಜದ ಜೊತೆ ಅಚ್ಚಾಗುತ್ತಿದ್ದ ಘೋಷವಾಕ್ಯ "ಬಿಳಿಯರ ಮೇಲುಗೈ" ಅನ್ನುವ ಅರ್ಥದ್ದು, 1966ರಲ್ಲಷ್ಟೇ ತೆಗೆದದ್ದು.

ಈ ಜಗಳಕ್ಕೆ ಹಿಂದಿನ ಅಧ್ಯಾಯ ಇದೆ. 1948ರಲ್ಲಿ ಪಕ್ಷದ ಫಿಲಡೆಲ್ಫಿಯಾ ಸಮಾವೇಶದಿಂದ ಅಲಬಾಮಾ ನಿಯೋಗದ ಅರ್ಧ ಭಾಗ ಎದ್ದು ಹೊರನಡೆಯಿತು. ಆ ವರ್ಷ ರಾಜ್ಯದಲ್ಲಿ ಹುಂಜ ಹೋದದ್ದು ಬಂಡಾಯದ ಅಭ್ಯರ್ಥಿ ಸ್ಟ್ರಾಮ್ ಥರ್ಮಂಡ್‌ಗೆ. ಹಾಲಿ ಅಧ್ಯಕ್ಷ ಟ್ರೂಮನ್‌ಗೆ ಮತ ಹಾಕೋಣವೆಂದರೆ ಅಲಬಾಮಾದ ಮತಪತ್ರದಲ್ಲಿ ದಾರಿಯೇ ಇರಲಿಲ್ಲ. ಥರ್ಮಂಡ್ 1,71,443, ರಿಪಬ್ಲಿಕನ್ ಡ್ಯೂಯಿ 40,930. ಆಮೇಲೆ ನಿಷ್ಠರ ಬಣ ಪಕ್ಷದ ಸಮಿತಿಯನ್ನು ಹಿಡಿದು, ಎಲೆಕ್ಟರ್ ಆಗಬಯಸುವವರು ರಾಷ್ಟ್ರೀಯ ಅಭ್ಯರ್ಥಿಗೇ ಮತ ಹಾಕುತ್ತೇವೆಂದು ಮೊದಲೇ ಮಾತು ಕೊಡಬೇಕು ಅಂತ ಷರತ್ತು ಹಾಕಿತು. ಎಡ್ಮಂಡ್ ಬ್ಲೇರ್ ಒಪ್ಪಲಿಲ್ಲ, ಸಮಿತಿಯ ಅಧ್ಯಕ್ಷ ಬೆನ್ ರೇ ಅವರ ಹೆಸರನ್ನು ಸೇರಿಸಲಿಲ್ಲ. 1952ರ ರೇ ವಿರುದ್ಧ ಬ್ಲೇರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಪಕ್ಷ ಅಂಥ ಮಾತು ಕೇಳಬಹುದು. ಕೇಳಲೇಬೇಕು ಅಂತ ಹೇಳಲಿಲ್ಲ. 1960ರಲ್ಲಿ ಮುಕ್ತರು ಹುಂಜದ ಕೆಳಗೆ ಬಂದು ಕೂರಲು ಆದದ್ದು ಆ ಸಂದಿಯಿಂದ.

ಧಾರವಾಡದ ಮಾಸ್ತರ

ಅಂದ್ರ ಆ ಆರು ಮಂದಿ ಬರ್ಡ್‌ಗೆ ಮತ ಹಾಕಿದ್ದು ಮಾತಿಗೆ ತಪ್ಪಿದ್ದಲ್ಲ ಅಂತಾತು. ಕೊಟ್ಟಿದ್ರ ತಾನ ತಪ್ಪೂದು.

ಸಹ್ಯಾದ್ರಿ

ಸರಿಯಾಗಿ ಹೇಳಿದಿರಿ. ಬರ್ಡ್‌ಗೆ ಒಟ್ಟು 15 ಎಲೆಕ್ಟೋರಲ್ ಮತ: ಮಿಸಿಸಿಪಿಯ 8, ಅಲಬಾಮಾದ 6, ಓಕ್ಲಹೋಮಾದ 1. ಇದರಲ್ಲಿ ಮಾತಿಗೆ ತಪ್ಪಿದವರು ಓಕ್ಲಹೋಮಾದ ಹೆನ್ರಿ ಅರ್ವಿನ್ ಒಬ್ಬರೇ. ಅವರು ನಿಕ್ಸನ್ ಪಟ್ಟಿಯಿಂದ ಗೆದ್ದು ಬರ್ಡ್‌ಗೆ ಹಾಕಿದರು. ಉಪಾಧ್ಯಕ್ಷ ಸ್ಥಾನಕ್ಕೂ ಅದೇ ಗೆರೆ ಕಾಣುತ್ತದೆ. 14 ಮುಕ್ತರು ಥರ್ಮಂಡ್ ಹೆಸರು ಬರೆದರು, ಅರ್ವಿನ್ ಬರೆದದ್ದು ರಿಪಬ್ಲಿಕನ್ ಗೋಲ್ಡ್‌ವಾಟರ್. ಪಟ್ಟಿಯಲ್ಲಿ ಹದಿನೈದನ್ನೂ "ನಿಷ್ಠೆ ಬದಲಿಸಿದ ಎಲೆಕ್ಟರುಗಳು" ಅಂತ ಒಂದೇ ಬುಟ್ಟಿಗೆ ಹಾಕಬೇಡಿ. ನಿಜವಾಗಿ ಮಾತಿಗೆ ತಪ್ಪಿದ ಅಲಬಾಮಾದ ಎಲೆಕ್ಟರ್ ಬೇಕಾದರೆ ನಾಲ್ಕು ವರ್ಷ ಹಿಂದೆ ಹೋಗಬೇಕು: 1956ರಲ್ಲಿ ಡಬ್ಲ್ಯೂ. ಎಫ್. ಟರ್ನರ್ ಪಕ್ಷದ ಅಭ್ಯರ್ಥಿ ಸ್ಟೀವನ್‌ಸನ್‌ರನ್ನು ಬಿಟ್ಟು ಅದೇ ರಾಜ್ಯದ ನ್ಯಾಯಾಧೀಶ ವಾಲ್ಟರ್ ಜೋನ್ಸ್‌ಗೆ ಹಾಕಿದರು.

ಕಾವೇರಿ_ಪಿ

ಒಂದು ಸಾಮಾನ್ಯ ಪ್ರಶ್ನೆ. ಗೆಲ್ಲುವ ಅಭ್ಯರ್ಥಿಯೇ ಇಲ್ಲದೆ ಈ ಮುಕ್ತರಿಗೆ ಬೇಕಾಗಿದ್ದಾದರೂ ಏನು?

ಹಳೇಗೆಜೆಟ್

ಯಾರೂ ಗೆಲ್ಲದಿರುವುದು. ಆ ವರ್ಷ ಒಟ್ಟು ಎಲೆಕ್ಟರುಗಳು 537, ಬಹುಮತಕ್ಕೆ 269. (ಅಲಾಸ್ಕಾ, ಹವಾಯಿ ಹೊಸದಾಗಿ ಸೇರಿದ್ದರಿಂದ ಕೆಳಮನೆ ತಾತ್ಕಾಲಿಕವಾಗಿ 437ಕ್ಕೆ ಏರಿತ್ತು, ಜೊತೆಗೆ 100 ಸೆನೆಟರುಗಳು. ವಾಷಿಂಗ್ಟನ್ ನಗರಕ್ಕೆ ಇನ್ನೂ ಮತ ಇರಲಿಲ್ಲ. ಇಂದಿನ 538 ಅನ್ನು ಅಭ್ಯಾಸಬಲದಿಂದ ಬರೆದುಬಿಡಬೇಡಿ.) ಯಾರಿಗೂ 269 ಬರದಿದ್ದರೆ ಹನ್ನೆರಡನೇ ತಿದ್ದುಪಡಿಯ ಪ್ರಕಾರ ಆಯ್ಕೆ ಕೆಳಮನೆಗೆ ಹೋಗುತ್ತದೆ. ಅಲ್ಲಿ ರಾಜ್ಯಕ್ಕೊಂದೇ ಮತ. ನ್ಯೂಯಾರ್ಕಿಗೂ ಒಂದು, ಮಿಸಿಸಿಪಿಗೂ ಒಂದು. 50ರಲ್ಲಿ 26 ಬೇಕು. ದಕ್ಷಿಣದ ರಾಜ್ಯಗಳು ಒಟ್ಟಾಗಿ ನಿಂತರೆ ನಾಗರಿಕ ಹಕ್ಕುಗಳ ವಿಷಯದಲ್ಲಿ ಚೌಕಾಶಿ ಮಾಡಬಹುದು ಅನ್ನುವುದು ಲೆಕ್ಕಾಚಾರ.

ಹಗಲುಗನಸು ಅಂತ ತಳ್ಳಿಹಾಕುವ ಹಾಗಿರಲಿಲ್ಲ. ಕೆನಡಿಗೆ 303 ಬಂತು, 34 ಹೆಚ್ಚು. ಇಲಿನಾಯ್ (27) 8,858 ಮತಗಳಿಂದ ಬಂದದ್ದು, ಮಿಸ್ಸೂರಿ (13) 9,980ರಿಂದ. ಈ ಎರಡು ಕೈತಪ್ಪಿದ್ದರೆ ಕೆನಡಿ 263, ನಿಕ್ಸನ್ 259, ಬರ್ಡ್ 15. ಯಾರಿಗೂ ಬಹುಮತ ಇಲ್ಲ! ಎರಡೂ ರಾಜ್ಯ ಸೇರಿ ಸುಮಾರು 9,400 ಜನ ಆಚೆಯಿಂದ ಈಚೆಗೆ ವಾಲಿದ್ದರೆ ಸಾಕಿತ್ತು. ಎಲ್ಲರೂ ಹೇಳುವ ಇಲಿನಾಯ್ ಮತ್ತು ಟೆಕ್ಸಸ್ ಜೋಡಿ ಬೇರೆಯೇ ಕತೆ: ಟೆಕ್ಸಸ್‌ನ 24 ಕೂಡ ಹೋದರೆ ನಿಕ್ಸನ್ 270 ಮುಟ್ಟಿ ನೇರವಾಗಿ ಗೆಲ್ಲುತ್ತಾರೆ, ಮುಕ್ತರಿಗೆ ಕೆಲಸವೇ ಇರುವುದಿಲ್ಲ.

ಕಾವೇರಿ_ಪಿ

ಹಾಗಾದರೆ ಅವರ ಆಟಕ್ಕೆ ಬೇಕಿದ್ದದ್ದು ಎರಡೂ ಕಡೆಯವರು ಕೂದಲೆಳೆಯಷ್ಟು ಅಂತರದಲ್ಲಿ ಇರುವುದು. ಅದೂ ಇತ್ತು.

ಪೇಟೆಬೀದಿ

ನೀವೆಲ್ಲ 3,18,303ರ ಬಾಲ ಹಿಡಿದು ಹೊರಟಿದ್ದೀರಿ. 5,70,225 ಯಾರು ಅಂತ ಒಬ್ಬರೂ ಕೇಳಲಿಲ್ಲ. 1960ರ ಜನಗಣತಿಯಲ್ಲಿ ಅಲಬಾಮಾದ ಜನಸಂಖ್ಯೆ 32,66,740. ಅದರಲ್ಲಿ ಹೆಚ್ಚುಕಡಿಮೆ ಶೇ 30 ಕಪ್ಪುಜನ. ಮತ ಹಾಕಿದ್ದು ವಯಸ್ಕರಲ್ಲಿ ಸುಮಾರು ಶೇ 31 ಮಾತ್ರ.

1901ರ ರಾಜ್ಯ ಸಂವಿಧಾನ ಮತಕಂದಾಯ ಹಾಕಿತು, ವರ್ಷಕ್ಕೆ ಒಂದೂವರೆ ಡಾಲರ್. ಅದರ ವಿಷ ಇದ್ದದ್ದು ಮೊತ್ತದಲ್ಲಲ್ಲ, ಬಾಕಿಯಲ್ಲಿ. 21ರಿಂದ 45ರ ವಯಸ್ಸಿನವರೆಗೆ ಕಟ್ಟದ ವರ್ಷಗಳೆಲ್ಲ ಕೂಡುತ್ತಾ ಹೋಗಿ 36 ಡಾಲರ್‌ವರೆಗೆ ಬೆಳೆಯುತ್ತಿತ್ತು. ಒಮ್ಮೆ ತಪ್ಪಿದವರಿಗೆ ಮತ್ತೆ ಒಳಗೆ ಬರುವುದು ವರ್ಷ ಕಳೆದಂತೆ ದುಬಾರಿ. ಇದು ಬಡ ಬಿಳಿಯರನ್ನೂ ಹೊರಗಿಟ್ಟಿತು. 1953ರಲ್ಲಿ ಬಾಕಿಯನ್ನು ಎರಡು ವರ್ಷಕ್ಕೆ, ಅಂದರೆ 3 ಡಾಲರ್‌ಗೆ, ಮಿತಿಗೊಳಿಸಿದರು. ಅದಲ್ಲದೆ ನೋಂದಣಿ ಮಂಡಳಿಯ ಮುಂದೆ ಅಕ್ಷರಪರೀಕ್ಷೆ. ಪಾಸು ಮಾಡುವುದು ಬಿಡುವುದು ಮಂಡಳಿಯ ಮರ್ಜಿ.

ಇದನ್ನೂ ದಾಟಿದವರಿಗೆ ಟಸ್ಕಿಗೀ ಇತ್ತು. ಕಪ್ಪು ಕಾಲೇಜು ಇರುವ ಊರು, ಓದಿದ ಜನ, ಅಕ್ಷರಪರೀಕ್ಷೆಯಲ್ಲಿ ಬೀಳಿಸುವುದು ಕಷ್ಟ. ಅದಕ್ಕೆ 1957ರಲ್ಲಿ ಊರಿನ ಗಡಿಯನ್ನೇ ತಿದ್ದಿದರು. ಚೌಕಾಕಾರದ ಪಟ್ಟಣ 28 ಬದಿಗಳ ಆಕೃತಿಯಾಯಿತು; ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿಯನ್ನು ಬಿಟ್ಟು ಉಳಿದವರೆಲ್ಲ ಒಂದೇ ಏಟಿಗೆ ಊರಿನ ಹೊರಗೆ. ಬಿಳಿಯ ಮತದಾರ ಒಬ್ಬನೂ ಹೊರಗೆ ಬೀಳಲಿಲ್ಲ. ಗೊಮಿಲಿಯನ್ ವಿರುದ್ಧ ಲೈಟ್‌ಫುಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಂವಿಧಾನಬಾಹಿರ ಅಂದದ್ದು 1960ರ ನವೆಂಬರ್ 14ಕ್ಕೆ, ನಾವು ಮಾತಾಡುತ್ತಿರುವ ಮತದಾನ ಮುಗಿದು ಆರು ದಿನಕ್ಕೆ. 1965ರ ಮತದಾನ ಹಕ್ಕು ಕಾಯ್ದೆಗೆ ಮುಂಚೆ ಅಲಬಾಮಾದಲ್ಲಿ ಅರ್ಹ ಕಪ್ಪುಜನರ ನೋಂದಣಿ ಶೇ 19.3, ಎರಡೇ ವರ್ಷದಲ್ಲಿ ಅದು ಶೇ 51.6. ಅಡಿಟಿಪ್ಪಣಿ ಬರೆಯುವವರು ಇದಕ್ಕೂ ಒಂದು ಸಾಲು ಜಾಗ ಕೊಡಿ.

ಕೋಷ್ಟಕಪ್ರಿಯ

ಖಂಡಿತ ಕೊಡುತ್ತೇನೆ. ಆದರೆ ಮೂಲ ಪ್ರಶ್ನೆ ಹಾಗೇ ಉಳಿಯಿತು. ಒಂದೇ ಸಂಖ್ಯೆ ಹಾಕುವ ಜಾಗ ಇದ್ದರೆ?

ಸಹ್ಯಾದ್ರಿ

ನನ್ನ ಮತ ಪಾಲು ಹಾಕುವ ದಾರಿಗೆ. ನಮ್ಮಲ್ಲೇ ಇದಕ್ಕೆ ಹತ್ತಿರದ ಲೆಕ್ಕ ಇದೆ. 1951–52ರ ಲೋಕಸಭೆ ಚುನಾವಣೆಯಲ್ಲಿ 86 ದ್ವಿಸದಸ್ಯ ಕ್ಷೇತ್ರಗಳು, ಒಂದು ತ್ರಿಸದಸ್ಯ ಕ್ಷೇತ್ರ. 1957ರಲ್ಲಿ 91 ದ್ವಿಸದಸ್ಯ ಕ್ಷೇತ್ರಗಳು. ಮೈಸೂರು ರಾಜ್ಯದಲ್ಲೂ ಇದ್ದವು. ಮತದಾರನಿಗೆ ಎರಡು ಮತ, ಎರಡನ್ನೂ ಒಬ್ಬನಿಗೇ ಹಾಕುವಂತಿಲ್ಲ. ಅಂಥ ಕ್ಷೇತ್ರದಲ್ಲಿ ಬಿದ್ದ ಮತಗಳು ಬಂದ ಮತದಾರರಿಗಿಂತ ಹೆಚ್ಚಿರುವುದು ಸಹಜ. ಪಕ್ಷದ ಶೇಕಡಾವಾರನ್ನು ಒಟ್ಟು ಮತಗಳ ಮೇಲೆ ಹಾಕುತ್ತೇವೆಯೇ ಹೊರತು ತಲೆಗಳ ಮೇಲಲ್ಲ. ಅಲಬಾಮಾದಲ್ಲೂ ಅದೇ ಮಾಡಿ: ಡೆಮಾಕ್ರಟಿಕ್ ಪಟ್ಟಿಗೆ ಪೂರ್ತಿ ಹಾಕಿದವನ 11 ಮತಗಳಲ್ಲಿ 5 ಕೆನಡಿ ಕಡೆಗೆ, 6 ಬೇರೆ ಕಡೆಗೆ ಹೋದವು. ನಿಕ್ಸನ್ ಪಟ್ಟಿಗೆ ಹಾಕಿದವನ ಹನ್ನೊಂದಕ್ಕೆ ಹನ್ನೊಂದೂ ನಿಕ್ಸನ್‌ಗೇ. ಇಬ್ಬರನ್ನೂ "ಒಂದು ಮತ" ಅಂತ ಎಣಿಸಿದರೆ ತೂಕ ತಪ್ಪುತ್ತದೆ.

ಧಾರವಾಡದ ಮಾಸ್ತರ

ಆ ಹೋಲಿಕೆ ಅರ್ಧಾನ ಹೊಂದತೈತಿ ನೋಡ್ರಿ. ನಮ್ಮ ದ್ವಿಸದಸ್ಯ ಕ್ಷೇತ್ರದಾಗ ಮತದಾರಗ ಎರಡು ಮತ, ಒಂದ ಪಕ್ಷದ ಇಬ್ಬರು ಹುರಿಯಾಳು. ಬೇಕಂದ್ರ ಇಬ್ಬರಿಗೂ ಹಾಕಬಹುದಿತ್ತು. ಅಲಬಾಮಾದಾಗ ಕೆನಡಿ ಬೇಕು ಅನ್ನಾವಗ ಹುಂಜದ ಕೆಳಗ ಇದ್ದದ್ದ ಐದು ಮಂದಿ. ಆತ ಐದೂ ಹಾಕಿದ, ಅದಕ್ಕಿಂತ ಹೆಚ್ಚು ಹಾಕಾಕ ಸಾಧ್ಯನ ಇರಲಿಲ್ಲ. ಆರು ನಿಷ್ಠರು ಪಟ್ಟಿಯೊಳಗ ಇರದಿದ್ದದ್ದು ಆತನ ತಪ್ಪೇನ್ರಿ? ಪಾಲು ಹಾಕಿದ್ರ ಅಪ್ಪಟ ಕೆನಡಿ ಮತದಾರನ್ನೂ ಅರ್ಧಕ್ಕಿಂತ ಕಡಿಮಿ ಅಂತ ಎಣಿಸಿದಂಗಾತು.

ಸಹ್ಯಾದ್ರಿ

ಒಪ್ಪಬೇಕಾದ ಮಾತು. ಐದಕ್ಕೇ ನಿಲ್ಲಿಸಿದ ಮತದಾರನಿಗೆ ಪಾಲಿನ ಲೆಕ್ಕ ಅನ್ಯಾಯ ಮಾಡುತ್ತದೆ. ಆದರೆ ಐದಕ್ಕೇ ನಿಲ್ಲಿಸಿದವರು ತುಂಬ ಜನ ಇದ್ದಿದ್ದರೆ ಡಿಕ್ಸನ್ ಅಲೆನ್‌ಗಿಂತ ಹಿಂದೆ ಬೀಳಬೇಕಿತ್ತಲ್ಲವೇ? ಮುಂದಿದ್ದಾರೆ.

ಧಾರವಾಡದ ಮಾಸ್ತರ

ಆರಕ್ಕ ನಿಲ್ಲಿಸಿದವರೂ ಅಷ್ಟ ಮಂದಿ ಇದ್ದರ ಒಂದಕ್ಕೊಂದು ಸಮ ಆಗಿ ಕಾಣಾಂಗಿಲ್ಲ. ಅಂತರ ಸಣ್ಣದೈತಿ ಅಂದ್ರ ಎಲ್ಲಾರೂ ಹನ್ನೊಂದು ಹಾಕ್ಯಾರ ಅಂತ ಅರ್ಥ ಅಲ್ಲ. ನೀವ ಮ್ಯಾಲೆ ಬರದೀರಿ, ಮೊತ್ತದಿಂದ ಒಂದು ಕಡೆಯದ ಅಷ್ಟ ತಿಳೀತದ ಅಂತ.

ನಕ್ಷೆಗಾರ್ತಿ

ಇಬ್ಬರ ವಾದವೂ ನಿಲ್ಲುತ್ತದೆ, ಅದಕ್ಕೇ ಅರವತ್ತು ವರ್ಷ ಕಳೆದರೂ ಎರಡೂ ಸಂಖ್ಯೆ ಚಾಲ್ತಿಯಲ್ಲಿವೆ. ಕೋಷ್ಟಕಪ್ರಿಯರೇ, ಒಂದೇ ಸಂಖ್ಯೆ ಹಾಕುವ ಜಾಗ ಇದ್ದರೆ ಜಾಗ ದೊಡ್ಡದು ಮಾಡಿಕೊಳ್ಳಿ. ಕೆಲಸದ ಕ್ರಮ ಹೀಗಿರಲಿ.

ಅಲಬಾಮಾದ ಸಾಲಿನಲ್ಲಿ ಕಚ್ಚಾ ಅಂಕಿ ಮತ್ತು ಲೆಕ್ಕ ಹಾಕಿದ ಅಂಕಿಯನ್ನು ಬೇರೆ ಕಾಲಂಗಳಲ್ಲಿಡಿ. ಕಚ್ಚಾ ಕಾಲಂಗೆ ಹಳೇಗೆಜೆಟ್ ಕೊಟ್ಟ ಮೂರು ಸಂಖ್ಯೆಗಳು, ಪಕ್ಕದಲ್ಲಿ ಎಲೆಕ್ಟರನ ಹೆಸರು. ಹೆಸರು ಬೇಕೇ ಬೇಕು. ಯಾಕೆಂದರೆ ಕೆಲವು ಕಡತಗಳು ಅತಿ ಹೆಚ್ಚು ಮತದ ಎಲೆಕ್ಟರನನ್ನು ತೆಗೆದುಕೊಳ್ಳುತ್ತವೆ, ಕೆಲವು ಮೊದಲ ಹೆಸರಿನವನನ್ನು, ಕೆಲವು ಹನ್ನೊಂದರ ಸರಾಸರಿಯನ್ನು. ಮೂಲ ಯಾವುದು ಅಂತ ಬರೆದಿಡದಿದ್ದರೆ ಮುಂದೆ ಎರಡು ಕಡತ ತಾಳೆ ನೋಡುವಾಗ ಕೆಲವು ಸಾವಿರದ ವ್ಯತ್ಯಾಸ ಬಂದು, ಬೆರಳಚ್ಚಿನ ತಪ್ಪು ಅಂತ ಯಾರೋ "ಸರಿಪಡಿಸಿ" ಹಾಳು ಮಾಡುತ್ತಾರೆ.

ಲೆಕ್ಕದ ಕಾಲಂನಲ್ಲಿ ಭಾಗಿಸುವುದು ಯಾವ ಸಂಖ್ಯೆಯನ್ನು ಅಂತಲೂ ತಿಳಿಸಿ. ಕ್ವಾರ್ಟರ್ಲಿ ದಾರಿಯಲ್ಲಿ ಡಿಕ್ಸನ್‌ರ 3,24,050ನ್ನೇ ಎರಡೂ ಪಾಲಿಗೆ ಹಿಡಿಯುತ್ತಾರೆ. ಅದರ ಬದಲು ನಿಷ್ಠರ ಪಾಲಿಗೆ ಅಲೆನ್‌ರ 3,18,303 ಹಿಡಿದರೆ ಕೆನಡಿಗೆ 1,44,683 ಬರುತ್ತದೆ, ದೇಶದಲ್ಲಿ ನಿಕ್ಸನ್‌ರ ಮುನ್ನಡೆ 60,793 ಆಗುತ್ತದೆ. ಎರಡೂ "ಪಾಲಿನ ಲೆಕ್ಕ"ವೇ, ಉತ್ತರ ಬೇರೆ. ಕೊನೆಗೆ ತಾಳೆ ನೋಡಲು ಸುಲಭದ ಗುರುತು: ಎರಡು ಮುಖ್ಯ ದಾರಿಗಳ ನಡುವೆ ಕೆನಡಿಯ ವ್ಯತ್ಯಾಸ 1,71,008. ರಾಜ್ಯದ ಸಾಲಿನಲ್ಲೂ ದೇಶದ ಮೊತ್ತದಲ್ಲೂ ಅಷ್ಟೇ ಬರಬೇಕು. 1,12,827 ಮತ್ತು 58,181 ಕೂಡಿಸಿದರೂ ಅದೇ. ಬರದಿದ್ದರೆ ಎಲ್ಲೋ ಮುಕ್ತರ ಸಾಲು ಎರಡು ಸಲ ಸೇರಿದೆ.

ಪೇಟೆಬೀದಿ

ದೇಶದ ಜನಮತದಲ್ಲಿ "ಗೆದ್ದವರು" ಅನ್ನುವ ಕಾಲಂ ಇಟ್ಟರೆ?

ನಕ್ಷೆಗಾರ್ತಿ

1960ಕ್ಕೆ ಖಾಲಿ ಬಿಡಿ, ಇಲ್ಲವೇ "ಲೆಕ್ಕದ ವಿಧಾನದ ಮೇಲೆ" ಅಂತ ಬರೆಯಿರಿ. ಅಧ್ಯಕ್ಷರು ಯಾರು ಅನ್ನುವುದು ಅದರಿಂದ ಕದಲುವುದಿಲ್ಲ. ಡಿಸೆಂಬರ್ 19ರಂದು ಎಲೆಕ್ಟರುಗಳು ಮತ ಹಾಕಿದರು, 1961ರ ಜನವರಿ 6ರಂದು ಎಣಿಸಿದ್ದು ಉಪಾಧ್ಯಕ್ಷ ನಿಕ್ಸನ್‌ರ ಅಧ್ಯಕ್ಷತೆಯಲ್ಲೇ: 303, 219, 15.

ಕೋಷ್ಟಕಪ್ರಿಯ

ಬಹಳ ಉಪಕಾರ. ಮುಂದಿನ ಚುನಾವಣೆಗಳಲ್ಲಿ ಅಲಬಾಮಾಕ್ಕೆ ಇದೇ ಕಾಟ ಇದೆಯಾ? 1964, 68 ಕೂಡ ತುಂಬಬೇಕು.

ಹಳೇಗೆಜೆಟ್

1964 ಸುಲಭ, ವಿಚಿತ್ರ ಮಾತ್ರ ಹೌದು. ಈ ಸಲ ಮುಕ್ತರು ಹನ್ನೊಂದರಲ್ಲಿ ಆರಕ್ಕೆ ತೃಪ್ತರಾಗಲಿಲ್ಲ. ಹುಂಜದ ಕೆಳಗೆ ಬರೀ ಮುಕ್ತರೇ. ಹಾಲಿ ಅಧ್ಯಕ್ಷ ಜಾನ್ಸನ್‌ಗೆ ಮತ ಹಾಕಲು ದಾರಿಯಿಲ್ಲ, 1948ರ ಟ್ರೂಮನ್ ಹಾಗೇ. ಗೋಲ್ಡ್‌ವಾಟರ್ ಶೇ 69.45 ಪಡೆದು ಎಲ್ಲ 10 ಸ್ಥಾನ ಬಾಚಿದರು (ಜನಗಣತಿಯ ನಂತರ ರಾಜ್ಯಕ್ಕೆ ಒಂದು ಸ್ಥಾನ ಕಡಿಮೆಯಾಗಿತ್ತು). ಉಳಿದ ಶೇ 30 ಮುಕ್ತ ಎಲೆಕ್ಟರುಗಳದು. ಅದನ್ನು ಜಾನ್ಸನ್ ಖಾತೆಗೆ ಹಾಕಬೇಡಿ. ಜಾನ್ಸನ್ ಸಾಲಿನಲ್ಲಿ ಸೊನ್ನೆಯನ್ನೂ ಬರೆಯಬೇಡಿ. ಸೊನ್ನೆ ಅಂದರೆ ನಿಂತು ಯಾರೂ ಹಾಕಲಿಲ್ಲ ಅಂತಾಗುತ್ತದೆ. "ಮತಪತ್ರದಲ್ಲಿ ಇಲ್ಲ" ಅಂತ ಬರೆಯಿರಿ, 1948ರ ಟ್ರೂಮನ್ ಸಾಲಿಗೂ ಅದೇ.

1968ರಲ್ಲಿ ಕೂಡಿಸಬೇಕು, ಭಾಗಿಸಬಾರದು. ಹುಂಜದ ಪಕ್ಷ ರಾಜ್ಯದ ಮಾಜಿ ಗವರ್ನರ್ ಜಾರ್ಜ್ ವ್ಯಾಲೇಸ್ ಪಾಲಾಯಿತು, ಅವರಿಗೆ 6,91,425 (ಶೇ 65.86). ಡೆಮಾಕ್ರಟಿಕ್ ಅಭ್ಯರ್ಥಿ ಹಂಫ್ರಿಯ ಎಲೆಕ್ಟರುಗಳು ಎರಡು ಬೇರೆ ಪಕ್ಷಗಳ ಹೆಸರಿನಲ್ಲಿ ನಿಂತಿದ್ದರು: ಅಲಬಾಮಾ ಇಂಡಿಪೆಂಡೆಂಟ್ ಡೆಮಾಕ್ರಟಿಕ್ ಪಕ್ಷ ಮತ್ತು ನ್ಯಾಷನಲ್ ಡೆಮಾಕ್ರಟಿಕ್ ಪಾರ್ಟಿ ಆಫ್ ಅಲಬಾಮಾ. ಎರಡೂ ಪೂರ್ತಿ ಹಂಫ್ರಿಯವೇ, ಪಟ್ಟಿಗಳು ಬೇರೆ ಬೇರೆ. ಆದ್ದರಿಂದ ಕೂಡಿಸಿ 1,96,579 (ಶೇ 18.72) ಅಂತ ಹಾಕಿದರೆ ಸರಿ. ಒಂದೇ ಪಕ್ಷದ ಸಾಲು ನೋಡಿ ಅಷ್ಟಕ್ಕೇ ನಿಲ್ಲಿಸಿದರೆ 1,46,923 ಪಡೆದ ನಿಕ್ಸನ್ ಎರಡನೇ ಸ್ಥಾನಕ್ಕೆ ಬಂದುಬಿಡುತ್ತಾರೆ.

ಕಾವೇರಿ_ಪಿ

ಜಿಲ್ಲಾವಾರು ನಕ್ಷೆಗೆ? 1960ರ ಅಲಬಾಮಾದ 67 ಕೌಂಟಿಗಳಿಗೆ ಬಣ್ಣ ಹಚ್ಚಬೇಕಾದರೆ ಕೆನಡಿ ಬಣ್ಣವೋ, ಮುಕ್ತರ ಬಣ್ಣವೋ?

ನಕ್ಷೆಗಾರ್ತಿ

ಎರಡೂ ಬೇಡ, ಮೇಡಂ. "ಡೆಮಾಕ್ರಟಿಕ್ ಎಲೆಕ್ಟರುಗಳು" ಅಂತ ಒಂದು ಬಣ್ಣ, "ನಿಕ್ಸನ್ ಎಲೆಕ್ಟರುಗಳು" ಅಂತ ಇನ್ನೊಂದು. ವಿವರಣೆಯಲ್ಲಿ ಅದನ್ನೇ ಬರೆಯಿರಿ. ಉತ್ತರದ ಬೆಟ್ಟಸೀಮೆಯ ವಿನ್‌ಸ್ಟನ್ ಕೌಂಟಿ ನಿಕ್ಸನ್ ಬಣ್ಣದಲ್ಲಿ ಬಂದರೆ ಗಾಬರಿಯಾಗಬೇಡಿ, ಅಂತರ್ಯುದ್ಧದ ಕಾಲದಿಂದಲೂ ಅದು ರಿಪಬ್ಲಿಕನ್ ಗಂಟು. ಕೌಂಟಿ ಮಟ್ಟದಲ್ಲಿ 5/11ರ ಪಾಲನ್ನು ಹಚ್ಚಲೇಬೇಡಿ. ಹಚ್ಚಿದರೆ ಪಕ್ಷದ ಪಟ್ಟಿ ಶೇ 60 ಪಡೆದ ಕೌಂಟಿಯಲ್ಲೂ ಮುಕ್ತರಿಗೆ 33, ಕೆನಡಿಗೆ 27 ಅಂತ ಒಡೆದು, ಅಲ್ಲಿ ಶೇ 40 ಇರುವ ನಿಕ್ಸನ್ ಮುಂದೆ ಬರುತ್ತಾರೆ. ಡೆಮಾಕ್ರಾಟರು ಗೆದ್ದ ಎಷ್ಟೋ ಕೌಂಟಿಗಳು ಬಣ್ಣ ಬದಲಿಸಿಬಿಡುತ್ತವೆ.